ಒಂದು ಬಾಣ ತಿದ್ದುವುದಕ್ಕೆ ಎಷ್ಟು ಹೊತ್ತು?

ಸಂಕ್ರಾಂತಿಯ ಹಿಂದಿನ ರಾತ್ರಿ. ನಮ್ಮ ಎದುರು ಮನೆಯ ತೆಲುಗು ಅಜ್ಜಿ ಅಮೆರಿಕದಲ್ಲಿರುವ ಮಗಳಿಗೆ ಫೋನಿನಲ್ಲಿ ರಂಗೋಲಿ ಹೇಳಿಕೊಡುತ್ತಿದ್ದರು. ವಿಡಿಯೋ ಗಿಡಿಯೋ ಏನಿಲ್ಲ, ಬರೀ ಮಾತು. "ಪದಿಹೇನು ಚುಕ್ಕಲು, ಎನಿಮಿದಿ ವರಕು, ಸಂದು ಚುಕ್ಕ." ಅಷ್ಟೇ! ಆ ಕಡೆಯಿಂದ ಮಗಳು "ಸರೇ ಅಮ್ಮಾ" ಅಂದಳು, ಫೋನು ಕೆಳಗಿಟ್ಟಿತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಈ ಭಾಷೆ ಗೊತ್ತಿರುತ್ತದೆ. ನಡುವಿನ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲೂ ಕೆಳಗೂ 14, 13 ಹೀಗೆ ಒಂದೊಂದೇ ಕಡಿಮೆಯಾಗುತ್ತಾ 8ಕ್ಕೆ ನಿಲ್ಲಬೇಕು. ಪ್ರತಿ ಚುಕ್ಕಿಯೂ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಲೆಕ್ಕ ಹಾಕಿ ನೋಡಿದೆ, 15 ಸಾಲು, ಒಟ್ಟು 169 ಚುಕ್ಕಿ. ಒಂದು ಸಾಲಿನ ಮಾತಿನಲ್ಲಿ 169 ಚುಕ್ಕಿಗಳ ಜಾಗ ಸಮುದ್ರ ದಾಟಿ ಹೋಯಿತು. ನಾಳೆ 15 ಬೇಡ, ಅಂಗಳ ಚಿಕ್ಕದು ಅನ್ನಿಸಿದರೆ 11 ರಿಂದ 6 ಅಂದರೆ ಸಾಕು. ಹಾಕಿದ್ದನ್ನು ಒರೆಸಿ ತಿದ್ದುವ ಕೆಲಸವಿಲ್ಲ. ಮಾತನ್ನು ತಿದ್ದಿದರೆ ಚಿತ್ರವೇ ತಿದ್ದಿಕೊಳ್ಳುತ್ತದೆ.

ನಾನು ಹೊಟ್ಟೆ ಹೊರೆದುಕೊಂಡ ಸಾಫ್ಟ್‌ವೇರ್ ಕಸುಬಿಗೆ ಈ ಸಣ್ಣ ಉಪಾಯ ದಕ್ಕುವುದಕ್ಕೆ ದಶಕಗಳೇ ಹಿಡಿದವು. ಇದು ಆ ಚರಿತ್ರೆ. ಜೊತೆಗೆ 1999ರಿಂದ ನಾನು ಬೆನ್ನ ಮೇಲೆ ಹೊತ್ತುಕೊಂಡಿರುವ ಒಂದು ತಪ್ಪಿನ ಕಥೆಯೂ ಹೌದು.

* * *

ನಾನು ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದದ್ದು 1985ರಲ್ಲಿ. ಆಗ ಕಂಪ್ಯೂಟರ್ ಕಲಿಯುವುದು ಅಂದರೆ ಮೊದಲು ಫ್ಲೋಚಾರ್ಟ್ ಕಲಿಯುವುದು. ಕೋಠಿಯ ಅಂಗಡಿಯೊಂದರಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸಿಗುತ್ತಿತ್ತು, ಅದರಲ್ಲಿ ಚೌಕ, ಗಾಳಿಪಟದಂಥ ಡೈಮಂಡ್, ಮೊಟ್ಟೆಯಾಕಾರ ಇವೆಲ್ಲ ಕೊರೆದಿರುತ್ತಿದ್ದವು. ಅದರೊಳಗೆ ಪೆನ್ಸಿಲ್ ತಿರುಗಿಸಿ ಚಿತ್ರ ಬರೆಯಬೇಕು. ಅಲ್ಲೇ ಸೆಕೆಂಡ್ ಹ್ಯಾಂಡ್ ಪುಸ್ತಕಗಳ ರಾಶಿಯಲ್ಲಿ ಪ್ರೊ. ವಿ. ರಾಜಾರಾಮನ್ ಅವರ ಫೋರ್ಟ್ರಾನ್ ಪುಸ್ತಕ. ನನ್ನ ವಯಸ್ಸಿನ ಎಷ್ಟೋ ಜನಕ್ಕೆ ಅಕ್ಷರಾಭ್ಯಾಸ ಮಾಡಿಸಿದ್ದು ಅದೇ.

ಈಗಿನ ಹುಡುಗರು ಹೈದರಾಬಾದಿನ ಕಂಪ್ಯೂಟರ್ ಚರಿತ್ರೆ 1998ರ ಸೈಬರ್ ಟವರ್ಸ್‌ನಿಂದ ಶುರು ಅಂದುಕೊಳ್ಳುತ್ತಾರೆ. ಹಾಗಲ್ಲ. 1967ರಲ್ಲಿ ಎ. ಎಸ್. ರಾವ್ ಅವರ ಮುಂದಾಳತ್ವದಲ್ಲಿ ಇಲ್ಲಿ ಇಸಿಐಎಲ್ ಶುರುವಾಯಿತು. 1969ರ ಹೊತ್ತಿಗೆ ಅದು ಟಿಡಿಸಿ-12 ಅನ್ನುವ ಕಂಪ್ಯೂಟರನ್ನೇ ಮಾಡಿತ್ತು. ಸಿಟಿ ಬಸ್ಸಿನ ಬೋರ್ಡಿನ ಮೇಲೆ ಇವತ್ತಿಗೂ ಇಸಿಐಎಲ್ ಹೆಸರಿದೆ, ಓದುವವರು ಅದನ್ನು ಸ್ಟಾಪಿನ ಹೆಸರು ಅಂದುಕೊಂಡು ಹತ್ತುತ್ತಾರೆ ಅಷ್ಟೇ.

ಇರಲಿ, ಫ್ಲೋಚಾರ್ಟಿಗೆ ಬರೋಣ. ಇದು ಕಂಪ್ಯೂಟರಿನ ಸ್ವಂತ ಮಗುವಲ್ಲ, ಕಾರ್ಖಾನೆಯಿಂದ ದತ್ತು ಬಂದದ್ದು. ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಕಾರ್ಖಾನೆಯ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಚಿತ್ರದಲ್ಲಿ ತೋರಿಸುವ ಪದ್ಧತಿಯನ್ನು ಅಮೆರಿಕದ ಎಂಜಿನಿಯರುಗಳ ಮುಂದಿಟ್ಟರು. 1947ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಕಂಪ್ಯೂಟರ್ ಲೆಕ್ಕಗಳಿಗೆ ಇಂಥದೇ ಚಿತ್ರ ಬಳಸಿದರು. ಆಗ ಪ್ರೋಗ್ರಾಂ ಅಂದರೆ ಬರೀ ಅಂಕಿಗಳ ಪಟ್ಟಿ. ಮನುಷ್ಯನ ಕಣ್ಣಿಗೆ ಅದು ಅರ್ಥವಾಗಬೇಕಾದರೆ ಚಿತ್ರ ಬೇಕೇ ಬೇಕಿತ್ತು.

ಚಿತ್ರ ಬಂತು, ಜೊತೆಗೆ ತಲೆನೋವೂ ಬಂತು. ಪ್ರೋಗ್ರಾಂ ದಿನಾ ಬದಲಾಗುತ್ತದೆ, ಚಿತ್ರ ಗೋಡೆಯ ಮೇಲೆ ಹಾಗೇ ಇರುತ್ತದೆ. ತಿದ್ದಬೇಕಾದರೆ ಮೊದಲಿನಿಂದ ಬರೆಯಬೇಕು. ನಡುವೆ ಒಂದು ಪೆಟ್ಟಿಗೆ ಸೇರಿಸಬೇಕಾದರೆ ಅದರ ಕೆಳಗಿನ ಹತ್ತು ಪೆಟ್ಟಿಗೆಗಳು ಜಾಗ ಬಿಡಬೇಕು, ಬಾಣಗಳೆಲ್ಲ ಮತ್ತೆ ಎಳೆಯಬೇಕು. ಯಾರು ಮಾಡುತ್ತಾರೆ ಹೇಳಿ?

ಹಾಗಾದರೆ ಯಂತ್ರವೇ ಬರೆಯಲಿ ಅಂದರು. ಫೋರ್ಟ್ರಾನ್ ಕಟ್ಟಿದ ತಂಡದಲ್ಲಿದ್ದ ಲೋಯಿಸ್ ಹೈಟ್ ಅನ್ನುವ ಹೆಣ್ಣುಮಗಳು 1959ರಲ್ಲಿ, ಪ್ರೋಗ್ರಾಮನ್ನು ಓದಿ ತಾನೇ ಫ್ಲೋಚಾರ್ಟ್ ಬರೆಯುವ ಪ್ರೋಗ್ರಾಂ ಬಗ್ಗೆ ಪ್ರಬಂಧ ಮಂಡಿಸಿದರು. 1963ರಲ್ಲಿ ಡೊನಾಲ್ಡ್ ಕ್ನೂತ್ ಅದೇ ದಾರಿಯಲ್ಲಿ ಇನ್ನೊಂದು ಪ್ರಬಂಧ ಬರೆದರು. 1965ರಲ್ಲಿ ಅಪ್ಲೈಡ್ ಡೇಟಾ ರಿಸರ್ಚ್ ಅನ್ನುವ ಕಂಪನಿ ಆಟೋಫ್ಲೋ ಎಂಬ ಹೆಸರಿನಲ್ಲಿ ಇದನ್ನೇ ಮಾರಾಟಕ್ಕಿಟ್ಟಿತು. ಸ್ವಾರಸ್ಯ ಏನೆಂದರೆ, ಆಗಿನ್ನೂ ಸಾಫ್ಟ್‌ವೇರ್ ಅನ್ನು ದುಡ್ಡು ಕೊಟ್ಟು ಕೊಳ್ಳುವ ಪದ್ಧತಿಯೇ ಇರಲಿಲ್ಲ. ಕಂಪ್ಯೂಟರ್ ಕೊಂಡರೆ ಅದು ಪುಕ್ಕಟೆ ಬರುತ್ತಿತ್ತು. ಪ್ರತ್ಯೇಕವಾಗಿ ಬೆಲೆ ಕಟ್ಟಿ ಮಾರಿದ ಮೊಟ್ಟಮೊದಲ ಸಾಫ್ಟ್‌ವೇರ್‌ಗಳಲ್ಲಿ ಒಂದು ಈ ಚಿತ್ರ ಬರೆಯುವ ಯಂತ್ರ! ಅಂದರೆ ಚಿತ್ರ ತಿದ್ದುವ ಕಾಟದಿಂದ ಪಾರಾಗಲು ಜನ ಎಷ್ಟು ಹಾತೊರೆಯುತ್ತಿದ್ದರು ನೋಡಿ.

ಆದರೆ ಇದರಲ್ಲೊಂದು ಕೊರತೆ. ಪ್ರೋಗ್ರಾಂನಲ್ಲಿ ಸಾವಿರ ಸಾಲಿದ್ದರೆ ಚಿತ್ರದಲ್ಲೂ ಅಷ್ಟೂ ಇರುತ್ತದೆ. ಮಡಿಚಿ ಮಡಿಚಿ ಬರುವ ಪ್ರಿಂಟರ್ ಕಾಗದ, ಅದರ ತುಂಬ ನಕ್ಷತ್ರಗುರುತು ಮತ್ತು ಅಡ್ಡಗೆರೆಗಳಲ್ಲಿ ಕಟ್ಟಿದ ಪೆಟ್ಟಿಗೆಗಳು. ಊರಿನ ದಾರಿ ಕೇಳಿದವನಿಗೆ ದಾರಿಯಲ್ಲಿರುವ ಪ್ರತಿ ಕಲ್ಲನ್ನೂ ತೋರಿಸಿದ ಹಾಗೆ. 1975ರಲ್ಲಿ ಫ್ರೆಡ್ ಬ್ರೂಕ್ಸ್ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಫ್ಲೋಚಾರ್ಟಿನ ಮರ್ಯಾದೆ ತೆಗೆದರು. ಅನುಭವಿ ಪ್ರೋಗ್ರಾಮರುಗಳು ಯಾರೂ ಮೊದಲು ಚಿತ್ರ ಬರೆದು ಆಮೇಲೆ ಪ್ರೋಗ್ರಾಂ ಬರೆಯುವುದಿಲ್ಲ, ಮೇಲಿನವರು ಕೇಳುತ್ತಾರೆ ಅಂತ ಕೊನೆಗೆ ಬರೆಯುತ್ತಾರೆ ಅನ್ನುವುದು ಅವರ ಮಾತಿನ ತಾತ್ಪರ್ಯ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಇನ್ನೊಂದನ್ನೂ ಅವರು ಹೇಳಿದ್ದರು. ಪ್ರೋಗ್ರಾಂ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇಟ್ಟರೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಎರಡನ್ನೂ ಒಂದೇ ಕಡೆ ಇಡಿ.

ನಾನು ಆ ಮಾತನ್ನು ಓದಿದ್ದೆ. ಪಾಲಿಸಲಿಲ್ಲ.

* * *

1999. ವೈ-ಟು-ಕೆ ಸುಗ್ಗಿ. ಅಮೀರ್‌ಪೇಟೆಯ ಗಲ್ಲಿ ಗಲ್ಲಿಯಲ್ಲೂ ಕೋಬಾಲ್ ಪಾಠ. ನಾನಿದ್ದ ಕಂಪನಿ (ಹೆಸರು ಬೇಡ) ಒಂದು ಹಣಕಾಸು ಸಂಸ್ಥೆಯ ತಿಂಗಳ ಕೊನೆಯ ಲೆಕ್ಕಪತ್ರ ನಡೆಸುತ್ತಿತ್ತು. ಒಂದರ ಹಿಂದೆ ಒಂದು ಓಡಬೇಕಾದ 11 ಪ್ರೋಗ್ರಾಂಗಳು. ಅವುಗಳ ಚಿತ್ರವೊಂದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದ್ದೆವು. ಎಲ್ಲಿ ನಿಂತರೆ ಎಲ್ಲಿಂದ ಮತ್ತೆ ಶುರು ಮಾಡಬೇಕು ಅನ್ನುವುದಕ್ಕೂ ಅದರಲ್ಲಿ ಬಾಣಗಳಿದ್ದವು. ರಾತ್ರಿ ಪಾಳಿಯವರಿಗೆ ಅದೇ ಪಂಚಾಂಗ.

ಸೆಪ್ಟೆಂಬರ್‌ನಲ್ಲಿ ಬಡ್ಡಿ ಹಾಕುವ ಪ್ರೋಗ್ರಾಮನ್ನು ನಾನೇ ಎರಡಾಗಿ ಒಡೆದೆ. ಗೋಡೆಯ ಮೇಲಿನ ಚಿತ್ರ ತಿದ್ದಬೇಕಿತ್ತು. ಆದರೆ ಅದನ್ನು ಬರೆದವರು ಅಮೆರಿಕ ಸೇರಿದ್ದರು, ಅವರ ಕಂಪ್ಯೂಟರನ್ನು ಅಳಿಸಿ ಬೇರೆಯವರಿಗೆ ಕೊಟ್ಟಾಗಿತ್ತು, ಮೂಲ ಫೈಲು ಅದರ ಜೊತೆಗೇ ಹೋಗಿತ್ತು. ಉಳಿದದ್ದು ಗೋಡೆಯ ಕಾಗದ ಮಾತ್ರ. ಮತ್ತೆ ಬರೆಯಲು ಪೂರ್ತಿ ಒಂದು ದಿನ ಬೇಕು. ಬದಲಾದದ್ದು ಒಂದು ಪೆಟ್ಟಿಗೆ, ಒಂದು ಬಾಣ. ಮುಂದಿನ ವಾರ ಮಾಡಿದರಾಯಿತು ಅಂದುಕೊಂಡೆ. ಮುಂದಿನ ವಾರ ಅನ್ನುವುದು ಬರಲೇ ಇಲ್ಲ.

ನವೆಂಬರ್ ತಿಂಗಳ ಕೊನೆಯ ರಾತ್ರಿ ಒಂದು ಪ್ರೋಗ್ರಾಂ ನಡುವೆ ನಿಂತಿತು. ಪಾಳಿಯಲ್ಲಿದ್ದದ್ದು ಗುಲ್ಬರ್ಗಾ ಕಡೆಯ ಹುಡುಗ, ಸೇರಿ ನಾಲ್ಕು ತಿಂಗಳಾಗಿತ್ತು. ಅವನು ಮಾಡಬೇಕಾದದ್ದನ್ನೇ ಮಾಡಿದ. ಗೋಡೆ ನೋಡಿದ, ಬಾಣ ತೋರಿಸಿದ ಜಾಗದಿಂದ ಶುರು ಮಾಡಿದ. ನಾನು ಒಡೆದ ಪ್ರೋಗ್ರಾಂನ ಮೊದಲರ್ಧ ಅಷ್ಟರಲ್ಲೇ ಬಡ್ಡಿ ಹಾಕಿ ಮುಗಿಸಿತ್ತು, ಅದು ಚಿತ್ರದಲ್ಲಿ ಇರಲಿಲ್ಲ. ಸಾವಿರಾರು ಖಾತೆಗಳಿಗೆ ಬಡ್ಡಿ ಎರಡು ಸಲ ಬಿತ್ತು. ಸರಿಪಡಿಸಲು ಮೂರು ದಿನ ಹಿಡಿಯಿತು. ತಪ್ಪು ಯಾರದು ಅನ್ನುವ ಮೀಟಿಂಗಿನಲ್ಲಿ ಅವನ ಹೆಸರು ಬಂತು. ನಾನು "ಚಿತ್ರ ಹಳೆಯದು" ಅಂತ ಮೆಲ್ಲಗೆ ಅಂದೆ. ಹಳೆಯದಾಗಲು ಬಿಟ್ಟವನು ನಾನು ಅನ್ನಲಿಲ್ಲ. ಹುಡುಗನನ್ನು ಆ ಕೆಲಸದಿಂದ ತೆಗೆದರು, ಸಂಕ್ರಾಂತಿಯ ಹೊತ್ತಿಗೆ ಅವನು ಊರೇ ಬಿಟ್ಟ.

ಆಮೇಲೆ ನನಗೆ ಈ ವಿಷಯದ ಹುಚ್ಚು ಹಿಡಿಯಿತು ಅನ್ನಬಹುದು. ಒಂದು ಬಾಣ ತಿದ್ದುವುದಕ್ಕೆ ಒಂದು ದಿನ ಯಾಕೆ ಬೇಕು?

* * *

ಹುಡುಕುತ್ತಾ ಹೋದರೆ ಉತ್ತರ ಆಗಲೇ ಇತ್ತು! ಬೆಲ್ ಲ್ಯಾಬ್ಸ್‌ನ ಬ್ರಯನ್ ಕರ್ನಿಘನ್ 1980ರ ದಶಕದ ಶುರುವಿನಲ್ಲೇ ಪಿಕ್ ಅನ್ನುವ ಪುಟ್ಟ ಭಾಷೆ ಮಾಡಿದ್ದರು. ಒಂದು ಪೆಟ್ಟಿಗೆ, ಬಲಕ್ಕೊಂದು ಬಾಣ, ಇನ್ನೊಂದು ಪೆಟ್ಟಿಗೆ ಅಂತ ಮಾತಿನಲ್ಲಿ ಬರೆದರೆ ಅದು ಕಾಗದದ ಮೇಲೆ ಚಿತ್ರವಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವರೂ ಜಾನ್ ಬೆಂಟ್ಲಿಯೂ ಸೇರಿ ಗ್ರಾಪ್ ಮಾಡಿದರು. ಅದಕ್ಕೆ ಅಂಕಿಗಳ ಪಟ್ಟಿ ಕೊಟ್ಟರೆ ಗ್ರಾಫ್ ಬರೆದುಕೊಡುತ್ತದೆ. ಅಂಕಿ ಬದಲಾದರೆ ಗ್ರಾಫೂ ಬದಲಾಗುತ್ತದೆ.

ಅದೇ ಕಾಲಕ್ಕೆ ಇಂಟರ್ನೆಟ್ ಕಟ್ಟುತ್ತಿದ್ದವರು ಇನ್ನೂ ಸರಳವಾದ ದಾರಿ ಹಿಡಿದಿದ್ದರು. 1981ರ ಸೆಪ್ಟೆಂಬರಿನ ಆರ್‌ಎಫ್‌ಸಿ 791 ಮತ್ತು 793 ಇಂಟರ್ನೆಟ್ಟಿನ ಮೂಲ ದಾಖಲೆಗಳು. ಅವುಗಳ ಚಿತ್ರಗಳೆಲ್ಲ ಟೈಪ್‌ರೈಟರ್ ಅಕ್ಷರಗಳಲ್ಲಿ, ಪ್ಲಸ್, ಅಡ್ಡಗೆರೆ, ಉದ್ದಗೆರೆ ಸೇರಿಸಿ ಕಟ್ಟಿದವು. ನೋಡಲು ಅಂದವಿಲ್ಲ. ಆದರೆ ಇವತ್ತು ಯಾವ ಕಂಪ್ಯೂಟರಿನಲ್ಲಿ ತೆರೆದರೂ ತೆರೆಯುತ್ತದೆ. ನಮ್ಮ ಗೋಡೆಯ ಚಿತ್ರದ ಮೂಲ ಫೈಲು ಸಿಕ್ಕಿದ್ದರೂ ಅದನ್ನು ಬರೆದ ಸಾಫ್ಟ್‌ವೇರ್ ಈಗ ಎಲ್ಲಿ ಹುಡುಕಲಿ?

ಪಿಕ್‌ನಲ್ಲಿ ಯಾವ ಪೆಟ್ಟಿಗೆ ಎಲ್ಲಿ ಅಂತ ಇನ್ನೂ ನಾವೇ ಹೇಳಬೇಕಿತ್ತು. ನಡುವೆ ಒಂದನ್ನು ತುರುಕಿದರೆ ಉಳಿದವು ತಾವೇ ಸರಿದು ಜಾಗ ಬಿಡುವುದು ಹೇಗೆ? ಇದಕ್ಕೆ ದಾರಿ ತೋರಿಸಿದ್ದು 1981ರಲ್ಲಿ ಜಪಾನಿನ ಕೋಜೋ ಸುಗಿಯಾಮಾ ಮತ್ತು ಸಂಗಡಿಗರು. ಅದರ ಮೇಲೆ ಬೆಲ್ ಲ್ಯಾಬ್ಸ್‌ನವರು 1988ರಲ್ಲಿ ಡ್ಯಾಗ್ ಅನ್ನುವ ಪ್ರೋಗ್ರಾಂ ಮಾಡಿದರು. ಆಮೇಲೆ ಡಾಟ್ ಬಂತು. ಗ್ಯಾನ್ಸ್‌ನರ್, ಕೌಟ್ಸೋಫಿಯೋಸ್, ನಾರ್ತ್, ವೋ ಈ ನಾಲ್ವರು 1993ರಲ್ಲಿ ಅದರ ಗುಟ್ಟನ್ನು ಪ್ರಬಂಧವಾಗಿ ಬಿಡಿಸಿಟ್ಟರು. ಇವತ್ತು ಗ್ರಾಫ್‌ವಿಜ್ ಅಂತ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಗಂಟಿನಲ್ಲಿ ಇರುವುದು ಇದೇ ಡಾಟ್.

ಉದಾಹರಣೆಗೆ ರೈಲ್ವೆ ರಿಸರ್ವೇಷನ್ ತೆಗೆದುಕೊಳ್ಳೋಣ. ಊರು ಬಿಟ್ಟು ಬಂದ ನಮಗೆಲ್ಲ ಪರಿಚಯದ ಸಂಗತಿ. ಡಾಟ್‌ಗೆ ಹೀಗೆ ಬರೆದರೆ ಸಾಕು, ಮೇಲೊಂದು ತಲೆಬರಹದ ಪದ, ಸುತ್ತ ಹೂಬ್ರಾಕೆಟ್ ಇರಬೇಕು ಅಷ್ಟೇ:

ಪ್ರಯಾಣಿಕ -> ಕೌಂಟರ್
ಕೌಂಟರ್ -> ಸೀಟುಪಟ್ಟಿ
ಸೀಟುಪಟ್ಟಿ -> ಟಿಕೆಟ್
ಸೀಟುಪಟ್ಟಿ -> ವೇಟಿಂಗ್‌ಲಿಸ್ಟ್

ಎಲ್ಲಿ ಬರೆಯಬೇಕು ಅಂತ ನಾನು ಹೇಳಿಲ್ಲ. ಯಾರಿಂದ ಯಾರಿಗೆ ಅಂತಷ್ಟೇ ಹೇಳಿದ್ದೇನೆ. ಡಾಟ್ ಮೊದಲು ಇವನ್ನೆಲ್ಲ ಅಂತಸ್ತುಗಳಲ್ಲಿ ಕೂರಿಸುತ್ತದೆ. ಪ್ರಯಾಣಿಕ ಮೇಲೆ, ಅವನ ಕೆಳಗೆ ಕೌಂಟರ್, ಹೀಗೆ. ಟಿಕೆಟ್ಟೂ ವೇಟಿಂಗ್ ಲಿಸ್ಟೂ ಒಂದೇ ಅಂತಸ್ತಿನಲ್ಲಿ ಅಕ್ಕಪಕ್ಕ ಬರುತ್ತವೆ. ಆಮೇಲೆ ಬಾಣಗಳು ಆದಷ್ಟು ಒಂದನ್ನೊಂದು ದಾಟದ ಹಾಗೆ ಅಕ್ಕಪಕ್ಕದವರನ್ನು ಅದಲು ಬದಲು ಮಾಡುತ್ತದೆ. ಮೂರನೆಯದಾಗಿ ಯಾರು ಎಷ್ಟು ಎಡಕ್ಕೆ, ಎಷ್ಟು ಬಲಕ್ಕೆ ಅನ್ನುವ ಲೆಕ್ಕ. ಕೊನೆಗೆ ಬಾಣಗಳನ್ನು ಬಳುಕಿಸಿ ಎಳೆಯುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ಕೂರಿಸುವ ಹಿರಿಯರ ಕೆಲಸದಂತೆಯೇ ಇದು.

ಈಗ ಮರೆತ ಸಾಲೊಂದು ನೆನಪಾಯಿತು ಅನ್ನಿ, ವೇಟಿಂಗ್ ಲಿಸ್ಟಿನಿಂದಲೂ ಟಿಕೆಟ್ ಸಿಗುತ್ತದಲ್ಲ:

ವೇಟಿಂಗ್‌ಲಿಸ್ಟ್ -> ಟಿಕೆಟ್

ಈ ಒಂದು ಸಾಲು ಸೇರಿಸಿದ ಕೂಡಲೇ ಟಿಕೆಟ್ ತಾನಾಗಿಯೇ ಒಂದು ಅಂತಸ್ತು ಕೆಳಗಿಳಿಯುತ್ತದೆ, ಬಾಣಗಳು ಹೊಸ ದಾರಿ ಹಿಡಿಯುತ್ತವೆ. ಇಷ್ಟಕ್ಕೆ ಅರ್ಧ ನಿಮಿಷ ಬೇಡ. ಮೊದಲ ಸಲ ಇದನ್ನು ನೋಡಿದಾಗ ನನಗೆ ಖುಷಿಗಿಂತ ಹೆಚ್ಚಾಗಿ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. 1999ರ ಆ ಹೊತ್ತಿಗೆ ಇದು ಜಗತ್ತಿನಲ್ಲಿ ಇತ್ತಲ್ಲ!

* * *

ಚಿತ್ರವನ್ನು ಮಾತಿನಲ್ಲಿ ಹಿಡಿಯುವ ಯೋಚನೆ ಅಮೆರಿಕ, ಜಪಾನಿನವರದ್ದು ಮಾತ್ರ ಅಂದುಕೊಳ್ಳಬೇಡಿ. ಟಿಐಎಫ್‌ಆರ್‌ನಲ್ಲಿ ಟಿಫ್ರಾಕ್ ಕಂಪ್ಯೂಟರ್ ಕಟ್ಟಿದ ತಂಡದ ಮುಂದಾಳು ಆರ್. ನರಸಿಂಹನ್ 1960ರ ದಶಕದಲ್ಲಿ ಚಿತ್ರಗಳಿಗೂ ವಾಕ್ಯಗಳ ಹಾಗೆ ವ್ಯಾಕರಣ ಇರುತ್ತದೆ ಅನ್ನುವ ನೆಲೆಯಲ್ಲಿ ಕೆಲಸ ಮಾಡಿದವರು. ಅವರದು ಎದುರು ದಿಕ್ಕು, ಚಿತ್ರವನ್ನು ಓದಿ ಮಾತಾಗಿಸುವುದು. ಇದೇ ನರಸಿಂಹನ್ ಮುಂದೆ ಸಿಎಂಸಿಯ ಮೊದಲ ಅಧ್ಯಕ್ಷರಾದರು. 1986ರಲ್ಲಿ ದಿಲ್ಲಿಯಲ್ಲಿ ಬಳಕೆಗೆ ಬಂದ ರೈಲ್ವೆ ರಿಸರ್ವೇಷನ್ ವ್ಯವಸ್ಥೆ ಇಂಪ್ರೆಸ್ ಮಾಡಿದ್ದು ಆ ಸಿಎಂಸಿಯೇ. ಅದರ ಸಂಶೋಧನಾ ಕೇಂದ್ರ ಇದ್ದದ್ದು ನಮ್ಮ ಸಿಕಂದರಾಬಾದಿನಲ್ಲಿ.

ಇನ್ನೊಬ್ಬರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ. ಅವರು, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಸೇರಿ 1974ರಲ್ಲಿ ತಮಿಳುನಾಡಿನ ಕೋಲಂ ಅನ್ನು, ಅಂದರೆ ನಮ್ಮ ರಂಗೋಲಿಯನ್ನು, ವ್ಯಾಕರಣದ ನಿಯಮಗಳಿಂದ ಹುಟ್ಟಿಸುವುದು ಹೇಗೆ ಅಂತ ಪ್ರಬಂಧ ಬರೆದರು. ಎದುರು ಮನೆಯ ಅಜ್ಜಿಯ "ಸಂದು ಚುಕ್ಕ"ಕ್ಕೆ ಗಣಿತದ ಜಗತ್ತಿನಲ್ಲಿ ಪೀಠ ಹಾಕಿಕೊಟ್ಟವರು ಇವರು.

ನಮ್ಮ ಕನ್ನಡಕ್ಕೆ ಮಾತ್ರ ಇಲ್ಲಿ ಸ್ವಲ್ಪ ಕಾಯಬೇಕಾಯಿತು. ಮೇಲಿನ ಕನ್ನಡ ಸಾಲುಗಳನ್ನು ಮೊದಲು ಕೊಟ್ಟು ನೋಡಿದಾಗ ನನಗೆ ಸಿಕ್ಕಿದ್ದು ಖಾಲಿ ಚೌಕಗಳು. ಫಾಂಟ್ ಹಾಕಿದ ಮೇಲೆ ಅಕ್ಷರ ಬಂತು, ಒತ್ತಕ್ಷರ ಒಡೆದು ಪಕ್ಕಕ್ಕೆ ಕೂತಿತು. "ಪಟ್ಟಿ" ಅನ್ನುವುದು ಮುರಿದ ಬೀಗದ ಹಾಗೆ ಕಾಣುತ್ತಿತ್ತು. ಅಕ್ಷರದ ಅಗಲ ತಪ್ಪಾಗಿ ಲೆಕ್ಕ ಹಾಕಿ ಪದ ಪೆಟ್ಟಿಗೆಯಿಂದ ಹೊರಗೆ ಚೆಲ್ಲುತ್ತಿತ್ತು. ಆಮೇಲೆ ಗ್ರಾಫ್‌ವಿಜ್ ಪ್ಯಾಂಗೋ ಅನ್ನುವ ಅಕ್ಷರ ಜೋಡಿಸುವ ಸಾಫ್ಟ್‌ವೇರಿನ ಕೈ ಹಿಡಿಯಿತು, ಒತ್ತು ತನ್ನ ಜಾಗಕ್ಕೆ ಬಂತು. ಡಾಟ್ ಭಾಷೆಯಲ್ಲಿ ಕನ್ನಡ ಪದವನ್ನು ಉದ್ಧರಣ ಚಿಹ್ನೆ ಇಲ್ಲದೆಯೂ ನೇರ ಬರೆಯಬಹುದು ಅನ್ನುವುದು ಗೊತ್ತಾದ ದಿನ ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದ್ದೆ. ಯಾರೂ ಅಷ್ಟೇನೂ ಬೆರಗಾಗಲಿಲ್ಲ ಬಿಡಿ.

* * *

ಮುಂದಿನದು ಈಗಿನವರಿಗೆ ಗೊತ್ತಿರುವ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 1997ರಲ್ಲಿ ಬಂದ ಡಾಕ್ಸಿಜನ್, ಪ್ರೋಗ್ರಾಂನೊಳಗಿನ ಟಿಪ್ಪಣಿಗಳಿಂದ ಕೈಪಿಡಿ ತಯಾರಿಸುವಂಥದ್ದು, ಚಿತ್ರಗಳಿಗೆ ಡಾಟ್ ಅನ್ನು ಬಳಸಿಕೊಂಡಿತು. 2009ರಲ್ಲಿ ಅರ್ನೋ ರೋಕ್ ಪ್ಲಾಂಟ್‌ಯುಎಂಎಲ್ ಬಿಟ್ಟರು. ಯಾರು ಯಾರಿಗೆ ಯಾವ ಸಂದೇಶ ಕಳಿಸಿದರು ಅನ್ನುವ ಚಿತ್ರಗಳಿಗೆ ಅದು ಹೇಳಿ ಮಾಡಿಸಿದ್ದು. 2014ರಲ್ಲಿ ಸ್ವೀಡನ್ನಿನ ಕ್ನೂಟ್ ಸ್ವೈಡ್‌ಕ್ವಿಸ್ಟ್ ಮರ್ಮೇಡ್ ಮಾಡಿದರು, ಅದು ಬ್ರೌಸರಿನಲ್ಲೇ ಚಿತ್ರ ಬಿಡಿಸುತ್ತದೆ. 2022ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮರ್ಮೇಡ್ ಅನ್ನು ಒಳಗೆ ಸೇರಿಸಿಕೊಂಡ ಮೇಲೆ ಇದು ಹುಚ್ಚರ ಹವ್ಯಾಸವಾಗಿ ಉಳಿಯದೆ ಎಲ್ಲರ ಮನೆಯ ಪದಾರ್ಥವಾಯಿತು.

ಇದರಿಂದ ಅಂದ ಹೆಚ್ಚಾಯಿತು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಬರೆದ ಒಳ್ಳೆಯ ಚಿತ್ರದ ಮುಂದೆ ಇವು ಸಪ್ಪೆ. ಐವತ್ತು ಪೆಟ್ಟಿಗೆ ದಾಟಿದರೆ ಡಾಟ್ ಕೂಡ ನೂಲಿನ ಉಂಡೆ ಮಾಡಿ ಕೈಗಿಡುತ್ತದೆ. ಈ ಪೆಟ್ಟಿಗೆ ಇಲ್ಲೇ ಇರಲಿ ಅಂತ ಹಟ ಹಿಡಿದರೆ ಅದೂ ಹಟ ಹಿಡಿಯುತ್ತದೆ. ಲಾಭ ಇರುವುದು ಬೇರೆ ಕಡೆ. ಚಿತ್ರ ಈಗ ಪ್ರೋಗ್ರಾಂನ ಪಕ್ಕದಲ್ಲೇ ಮಲಗಿರುತ್ತದೆ, ಬ್ರೂಕ್ಸ್ ಹೇಳಿದ ಹಾಗೆ. ಯಾವ ಬಾಣವನ್ನು ಯಾರು, ಯಾವ ದಿನ, ಯಾಕೆ ತಿದ್ದಿದರು ಅನ್ನುವುದು ಸಾಲಿನ ಲೆಕ್ಕದಲ್ಲಿ ಉಳಿಯುತ್ತದೆ. ಬರೆದವರು ಅಮೆರಿಕಕ್ಕೆ ಹೋದರೂ ಫೈಲು ಇಲ್ಲೇ ಇರುತ್ತದೆ.

ಆದರೆ ಇವು ಯಾವುವೂ ಸೋಮಾರಿತನಕ್ಕೆ ಮದ್ದಲ್ಲ. ಸಾಲು ತಿದ್ದದಿದ್ದರೆ ಅಕ್ಷರದ ಚಿತ್ರವೂ ಗೋಡೆಯ ಚಿತ್ರದಷ್ಟೇ ಸುಳ್ಳು ಹೇಳುತ್ತದೆ. ಈಗಂತೂ ಎಐಗೆ ಕೇಳಿದರೆ ಕ್ಷಣದಲ್ಲಿ ಮರ್ಮೇಡ್ ಸಾಲುಗಳನ್ನು ಬರೆದು ಕೊಡುತ್ತದೆ. ನೋಡಲು ಸೊಗಸು, ಆದರೆ ಇಲ್ಲದ ಬಾಣವನ್ನೂ ಅಷ್ಟೇ ಧೈರ್ಯವಾಗಿ ಎಳೆದಿರುತ್ತದೆ. ಒಂದೊಂದೇ ಸಾಲು ಓದಿ, ಪ್ರೋಗ್ರಾಂ ಪಕ್ಕ ಇಟ್ಟು ನೋಡುವ ಕೆಲಸ ನಮ್ಮ ತಲೆಯ ಮೇಲೇ ಇದೆ. ಸಾಲುಗಳಾಗಿರುವುದರಿಂದ ಓದಲಾದರೂ ಸಾಧ್ಯ.

ಆ ಗುಲ್ಬರ್ಗಾ ಹುಡುಗ ಸಿಕ್ಕನೇ ಅಂತ ನೀವು ಕೇಳಬಹುದು. ಸಿಕ್ಕ. ಬಹಳ ವರ್ಷಗಳ ಮೇಲೆ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ, ರಾಜ್ಯೋತ್ಸವದ ಸಂಜೆ. ಹುಡುಗ ಎಲ್ಲಿ, ತಲೆ ಅರ್ಧ ಬೆಳ್ಳಗಾಗಿತ್ತು. ಬೇರೆ ಕಸುಬು ಹಿಡಿದು ಚೆನ್ನಾಗಿದ್ದ. ಚಹಾ ಕುಡಿಯುತ್ತಾ ಹೇಳಿಬಿಟ್ಟೆ, ಆ ಚಿತ್ರ ತಿದ್ದಬೇಕಾದವನು ನಾನು, ಗೊತ್ತಿದ್ದೂ ತಿದ್ದಿರಲಿಲ್ಲ ಅಂತ. ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ಮೀಟಿಂಗ್‌ನಾಗ ಹೇಳಬೇಕಿತ್ರಿ ಸರ. ಈಗ ಹೇಳಿ ಏನದ?" ಅಂದ. ಸಿಟ್ಟಿರಲಿಲ್ಲ. ಆಮೇಲೆ ಮಕ್ಕಳ ಓದಿನ ಮಾತಾಡಿದೆವು.

ನಾನಿರುವ ತಂಡದಲ್ಲಿ ಈಗ ಒಂದೇ ನಿಯಮ ಇಟ್ಟಿದ್ದೇನೆ. ಪ್ರೋಗ್ರಾಂ ಬದಲಿಸಿದವರು ಅದೇ ಹೊತ್ತಿಗೆ, ಅದೇ ತಿದ್ದುಪಡಿಯ ಜೊತೆ, ಚಿತ್ರದ ಸಾಲನ್ನೂ ಬದಲಿಸಬೇಕು. ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ. ಹುಡುಗರು ಗೊಣಗುತ್ತಾರೆ, "ಸಾರ್, ಒಂದು ಬಾಣ ತಾನೇ, ಮುಂದಿನ ವಾರ ಮಾಡ್ತೀವಿ" ಅಂತ. ಈಗಲೇ ಮಾಡಿ ಅನ್ನುತ್ತೇನೆ. ಅರ್ಧ ನಿಮಿಷದ ಕೆಲಸ.